ಸುಣ್ಣಕಲ್ಲಿನ ನೆಲ ಬರಡಾದಾಗ: ಕಾರ್ಸ್ಟ್ ಪ್ರದೇಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಸ್ಟ್ ನೆಲದ ಪುನಶ್ಚೇತನದ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗಿಡ ನೆಡುವುದರಿಂದಲೇ ಶುರುವಾಗುತ್ತವೆ. ಇಲ್ಲಿ ಕ್ರಮ ಬೇರೆ: ಮೊದಲು ಕಲ್ಲು, ಆಮೇಲೆ ನೀರು, ಆಮೇಲೆ ಮಣ್ಣು. ಗಿಡದ ಮಾತು ಅದರ ನಂತರ. ಈ ನೆಲ ಹಾಳಾಗುವುದೂ ಚೇತರಿಸಿಕೊಳ್ಳುವುದೂ ಬಹುಪಾಲು ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ. ಹಾಗಾಗಿ ಬೇರೆಡೆ ಕೈಹಿಡಿದ ಉಪಾಯಗಳು ಇಲ್ಲಿ ಕೈಕೊಡುವುದೇ ಹೆಚ್ಚು.

ಕಾರ್ಸ್ಟ್ ಎಂದರೆ ಏನು?

ನೀರಿಗೆ ಕರಗುವ ಕಲ್ಲಿನ ಮೇಲೆ ರೂಪುಗೊಂಡ ನೆಲ. ಸುಣ್ಣಕಲ್ಲು ಮತ್ತು ಮೆಗ್ನೀಸಿಯಮ್ ಬೆರೆತ ಅದರ ನಂಟಿನ ಕಲ್ಲಾದ ಡಾಲೊಮೈಟ್ ಮುಖ್ಯವಾದವು; ಜಿಪ್ಸಮ್ ಕೂಡ ಈ ಗುಂಪಿಗೆ ಸೇರುತ್ತದೆ. ಮಳೆನೀರು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮಂದ ಆಮ್ಲವಾಗುತ್ತದೆ. ಆ ಆಮ್ಲ ಕಲ್ಲಿನ ಸಂದುಗಳಲ್ಲಿ ಇಳಿಯುತ್ತ ಅದನ್ನು ಕರಗಿಸುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಲಕ್ಷಾಂತರ ವರ್ಷಗಳಲ್ಲಿ ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ, ಗುಹೆಯ ಚಾವಣಿ ಕುಸಿದರೆ ಮೇಲೆ ಗುಂಡಿ ಬೀಳುತ್ತದೆ.

ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಪ್ರಸ್ಥಭೂಮಿಯಿಂದ ಈ ಹೆಸರು ಬಂದಿದೆ. ಭೂಮಿಯ ಮೇಲೆ ಹಿಮ ಮುಚ್ಚದ ನೆಲದಲ್ಲಿ ಸುಮಾರು ಶೇಕಡಾ 15ರಷ್ಟು ಕಡೆ ಸುಣ್ಣಕಲ್ಲು, ಡಾಲೊಮೈಟ್‌ನಂಥ ಕಾರ್ಬೊನೇಟ್ ಶಿಲೆ ಮೇಲಕ್ಕೆ ಕಾಣಿಸಿಕೊಂಡಿದೆ. ನೂರು ಕೋಟಿಗೂ ಹೆಚ್ಚು ಜನ ಅದರ ಮೇಲೆ ಬದುಕುತ್ತಿದ್ದಾರೆ. ಚೀನಾದ ನೈಋತ್ಯ ಭಾಗ, ಜಾವಾದ ಗುನುಂಗ್ ಸೆವು, ಮೆಕ್ಸಿಕೊದ ಯುಕಟಾನ್, ಐರ್ಲೆಂಡಿನ ಬರೆನ್, ಮೇಘಾಲಯದ ಗುಹೆಗಳ ಸೀಮೆ, ಎಲ್ಲವೂ ಇದೇ ಕುಟುಂಬದವು.

ಒಳ್ಳೆಯ ಮಳೆ ಬೀಳುವ ಕಡೆಯೂ ನೀರಿಗೆ ಬರ ಏಕೆ?

ಬಿದ್ದ ನೀರು ಮೇಲೆ ನಿಲ್ಲುವುದಿಲ್ಲ. ಚೀನಾದ ಗುಯಿಝೌ ಪ್ರಾಂತದಲ್ಲಿ ವರ್ಷಕ್ಕೆ 1,100ರಿಂದ 1,300 ಮಿಲಿಮೀಟರ್ ಮಳೆಯಾಗುತ್ತದೆ. ಆದರೂ ಮಳೆ ನಿಂತ ಒಂದೆರಡು ವಾರಕ್ಕೇ ಇಳಿಜಾರಿನ ಹೊಲದಲ್ಲಿ ಜೋಳದ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ನೀರು ಬಿರುಕುಗಳಲ್ಲಿ ಇಳಿದು, ನೂರಾರು ಅಡಿ ಕೆಳಗಿನ ನೆಲದಡಿಯ ಹೊಳೆ ಸೇರಿರುತ್ತದೆ. ಅದರ ಸದ್ದು ಕೇಳಿಸುವ ಜಾಗಗಳೂ ಇವೆ. ಕೊಡ ಮಾತ್ರ ಅಲ್ಲಿಗೆ ಎಟಕುವುದಿಲ್ಲ.

2009-10ರ ಬರದಲ್ಲಿ ಯುನ್ನಾನ್, ಗುಯಿಝೌ, ಗುವಾಂಗ್ಸಿ ಸುತ್ತಮುತ್ತ ಎರಡು ಕೋಟಿಗೂ ಹೆಚ್ಚು ಜನ ಕುಡಿಯುವ ನೀರಿಗೆ ಪರದಾಡಿದರು. ಮಳೆನಾಡಿನ ಬರ ಎಂಬುದು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಕಾರ್ಸ್ಟ್‌ನಲ್ಲಿ ಅದು ಮಾಮೂಲು.

ಇದಕ್ಕೊಂದು ವಿನಾಯಿತಿಯೂ ಇದೆ. ಮಣ್ಣಿನ ಅಡಿಯಲ್ಲೇ ಕೆಲವು ಮೀಟರ್ ದಪ್ಪದ, ಒಡೆದು ಸಡಿಲಗೊಂಡ ಶಿಲೆಯ ಪದರವೊಂದಿರುತ್ತದೆ. ತಜ್ಞರು ಅದನ್ನು ಎಪಿಕಾರ್ಸ್ಟ್ ಎನ್ನುತ್ತಾರೆ. ಅದರ ತಳದಲ್ಲಿ ಬಿರುಕುಗಳು ಕಿರಿದಾಗುವುದರಿಂದ ನೀರು ಅಲ್ಲಿ ಕೊಂಚ ಹೊತ್ತು ತಡೆದು ನಿಲ್ಲುತ್ತದೆ. ಗುಡ್ಡದ ನಡುವಿನಿಂದ ಒಸರುವ ಸಣ್ಣ ಒರತೆಗಳಿಗೆ ಇದೇ ಮೂಲ, ಕಾಡಿನ ಮರಗಳ ಬೇರಿಗೂ ಇದೇ ಆಸರೆ. ಮೇಲಿನ ಕಾಡು ಹೋದರೆ ಮೊದಲು ಸೊರಗುವುದು ಈ ಒರತೆಗಳೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಣ್ಣು ಅಷ್ಟು ತೆಳ್ಳಗಿರಲು ಕಾರಣವೇನು?

ಗ್ರಾನೈಟ್ ಶಿಥಿಲವಾದರೆ ಅದರ ಬಹುಪಾಲು ಜೇಡಿಯಾಗಿ, ಮರಳಾಗಿ ಅಲ್ಲೇ ಉಳಿಯುತ್ತದೆ. ಸುಣ್ಣಕಲ್ಲು ಶಿಥಿಲವಾದರೆ ಕರಗಿ ನೀರಿನೊಂದಿಗೆ ಹೊರಟುಹೋಗುತ್ತದೆ. ಶುದ್ಧ ಸುಣ್ಣಕಲ್ಲಿನಲ್ಲಿ ಕರಗದೆ ಉಳಿಯುವ ಜೇಡಿಯ ಪಾಲು ಶೇಕಡಾ 5ಕ್ಕಿಂತ ಕಡಿಮೆ. ಎಷ್ಟೋ ಕಡೆ ಶೇಕಡಾ 1ನ್ನೂ ಮುಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸಾವಿರ ವರ್ಷಕ್ಕೆ 50 ಮಿಲಿಮೀಟರ್ ಕಲ್ಲು ಕರಗುತ್ತದೆ ಎಂದಿಟ್ಟುಕೊಳ್ಳೋಣ; ಮಳೆ ಚೆನ್ನಾಗಿರುವ ಕಡೆ ಇದು ಅಸಾಧ್ಯದ ವೇಗವೇನಲ್ಲ. ಒಂದು ಮೀಟರ್ ಕಲ್ಲು ಕರಗಲು 20,000 ವರ್ಷ ಬೇಕು. ಅದರಲ್ಲಿ ಶೇಕಡಾ 2ರಷ್ಟು ಕರಗದ ಪದಾರ್ಥವಿದ್ದರೆ ಉಳಿಯುವುದು ಎರಡು ಸೆಂಟಿಮೀಟರ್; ಸಡಿಲ ಮಣ್ಣಾಗಿ ಉಬ್ಬಿದರೆ ಹೆಚ್ಚೆಂದರೆ ನಾಲ್ಕು. ಅಂದರೆ ಒಂದು ಸೆಂಟಿಮೀಟರ್ ಮಣ್ಣಿಗೆ ಐದು ಸಾವಿರ ವರ್ಷ! ಒಂದೇ ಮುಂಗಾರಿನಲ್ಲಿ ಕೊಚ್ಚಿಹೋಗಬಹುದಾದ ಸೆಂಟಿಮೀಟರ್ ಅದು. ಗಾಳಿ ಹೊತ್ತು ತರುವ ಧೂಳು, ಜ್ವಾಲಾಮುಖಿಯ ಬೂದಿ ಕೆಲವು ಪ್ರದೇಶಗಳಲ್ಲಿ ಈ ಕೊರತೆಯನ್ನು ಸ್ವಲ್ಪ ತುಂಬಿಕೊಟ್ಟಿವೆ. ಮೆಡಿಟರೇನಿಯನ್ ಕರಾವಳಿಯ ಕೆಂಪು ಮಣ್ಣಿನಲ್ಲಿ ಸಹಾರಾದ ಧೂಳಿನ ಪಾಲೂ ಇದೆ. ಎಲ್ಲ ಕಡೆಗೂ ಆ ಭಾಗ್ಯವಿಲ್ಲ.

ಹಾಗಾಗಿ ಕಾರ್ಸ್ಟ್‌ನಲ್ಲಿ 'ಮಣ್ಣನ್ನು ಮರಳಿ ತರುತ್ತೇವೆ' ಎಂದು ಹೇಳುವ ಯೋಜನೆ ಕಂಡರೆ ನನಗೆ ಅನುಮಾನ. ಇರುವುದನ್ನು ಉಳಿಸಿಕೊಳ್ಳಬಹುದು, ಅದಕ್ಕೆ ಜೀವ ತುಂಬಬಹುದು. ಮನುಷ್ಯನ ಕಾಲಮಾನದಲ್ಲಿ ಹೊಸದನ್ನು ಹುಟ್ಟಿಸಲು ಆಗುವುದಿಲ್ಲ.

ಶಿಲಾ ಮರುಭೂಮೀಕರಣ ಎಂದರೆ ನಿಜವಾಗಿಯೂ ಮರುಭೂಮಿಯೇ?

ಮಳೆಯ ಲೆಕ್ಕದಲ್ಲಿ ಅಲ್ಲ. ಮಣ್ಣು ಹೋಗಿ ಬಂಡೆ ಬಯಲಾಗಿ, ನೋಡಲು ಮತ್ತು ಬದುಕಲು ಮರುಭೂಮಿಯಂತಾದ ಸ್ಥಿತಿಗೆ ಇಟ್ಟ ಹೆಸರು. ಚೀನಾದ ಭೂವಿಜ್ಞಾನಿ ಯುವಾನ್ ದಾವೊಷಿಯಾನ್ ಅವರ 1990ರ ದಶಕದ ಬರಹಗಳ ಮೂಲಕ ಈ ಪರಿಕಲ್ಪನೆ ಹೊರಜಗತ್ತಿಗೆ ಪರಿಚಯವಾಯಿತು. ಅಲ್ಲಿನ ಸಮೀಕ್ಷೆಗಳು ಬಯಲಾದ ಬಂಡೆಯ ಪ್ರಮಾಣ, ಹಸಿರು ಹೊದಿಕೆ, ಮಣ್ಣಿನ ಆಳ ಇವುಗಳನ್ನು ನೋಡಿ ಅಲ್ಪ, ಮಧ್ಯಮ, ತೀವ್ರ, ಅತಿತೀವ್ರ ಎಂದು ದರ್ಜೆ ಕೊಡುತ್ತವೆ. ಶೇಕಡಾ 30ಕ್ಕಿಂತ ಹೆಚ್ಚು ಬಂಡೆ ಕಾಣಿಸಿದರೆ ನೆಲ ತಪಾಸಣೆಯ ಪಟ್ಟಿಗೆ ಬರುತ್ತದೆ.

ಒಂದು ಎಚ್ಚರಿಕೆ: ಬಂಡೆ ಕಂಡ ಮಾತ್ರಕ್ಕೆ ನೆಲ ಹಾಳಾಗಿದೆ ಎಂದಲ್ಲ. ಯುನ್ನಾನ್‌ನ ಪ್ರಸಿದ್ಧ ಶಿಲಾವನದಲ್ಲಿ ಬಂಡೆಯೇ ನೆಲದ ಸಹಜ ರೂಪ. ಗುಯಿಝೌನ ಮಾವೊಲಾನ್ ಅಭಯಾರಣ್ಯದಲ್ಲಿ ಬಂಡೆಗಳ ನಡುವೆಯೇ ದಟ್ಟ ಕಾಡಿದೆ. ಮಣ್ಣು ಇರುವುದು ಸಂದುಗೊಂದುಗಳಲ್ಲಿ ಮಾತ್ರ, ಆದರೂ ಆ ಮಣ್ಣು ಕಪ್ಪಗೆ, ಸಾವಯವದಿಂದ ತುಂಬಿಕೊಂಡಿರುತ್ತದೆ. ಬಂಡೆಗೂ ಕಾಡಿಗೂ ಹಗೆಯಿಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದಕ್ಕೆ ಯಾರು ಹೊಣೆ?

ಕಾಡು ಕಡಿದವರು ಎನ್ನುವುದು ಸುಲಭದ ಉತ್ತರ, ತಪ್ಪಲ್ಲ. ಆದರೆ ಕಡಿದವರೆಲ್ಲ ದುರಾಸೆಯಿಂದ ಕಡಿದರು ಎಂದರೆ ಅನ್ಯಾಯವಾಗುತ್ತದೆ. ನೈಋತ್ಯ ಚೀನಾದಲ್ಲಿ ಮಿಂಗ್ ಮತ್ತು ಚಿಂಗ್ ಆಳ್ವಿಕೆಯ ಕಾಲದ ವಲಸೆ, ಅಮೆರಿಕದಿಂದ ಬಂದ ಮೆಕ್ಕೆಜೋಳ ಎರಡೂ ಸೇರಿ ಕಡಿದಾದ ಇಳಿಜಾರಿಗೂ ಗುದ್ದಲಿ ಹತ್ತಿಸಿದವು. ಭತ್ತಕ್ಕೆ ಸಮತಟ್ಟು ನೆಲ, ನೀರು ಬೇಕು. ಮೆಕ್ಕೆಜೋಳಕ್ಕೆ ಬಂಡೆಗಳ ನಡುವೆ ಒಂದು ಬೊಗಸೆ ಮಣ್ಣಿದ್ದರೂ ನಡೆಯುತ್ತದೆ. 1958ರಲ್ಲಿ ಮಾವೊ ಸರ್ಕಾರ ಶುರು ಮಾಡಿದ 'ಮಹಾ ಜಿಗಿತ' ಎಂಬ ಆಂದೋಲನದ ಉಕ್ಕಿನ ಕುಲುಮೆಗಳಿಗೆ ಗುಡ್ಡಗುಡ್ಡಗಳ ಮರ ಇದ್ದಿಲಾಯಿತು. ಆಮೇಲೆ ಉರುವಲಿಗಾಗಿ ಬೊಡ್ಡೆ, ಬೇರುಗಳನ್ನೂ ಅಗೆದು ತೆಗೆದರು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪೆಟ್ಟು ಇದೇ. ಮರ ಕಡಿದರೆ ಬೊಡ್ಡೆ ಚಿಗುರುತ್ತದೆ. ಬೊಡ್ಡೆಯನ್ನೇ ಕಿತ್ತರೆ ಬಿರುಕಿನೊಳಗೆ ಮಣ್ಣನ್ನು ಹಿಡಿದಿಟ್ಟ ಬೇರಿನ ಬಲೆಯೂ ಹೋಗುತ್ತದೆ.

ಇದು ಚೀನಾದ ಕಥೆ ಮಾತ್ರವಲ್ಲ. ಗ್ವಾಟೆಮಾಲಾದ ಪೆಟೆನ್ ಸರೋವರಗಳ ತಳದಲ್ಲಿ ಪ್ರಾಚೀನ ಮಾಯಾ ಜನರ ಕಾಲದ ದಪ್ಪ ಜೇಡಿಪದರ ಸಿಗುತ್ತದೆ: ಸುಣ್ಣಕಲ್ಲಿನ ಇಳಿಜಾರುಗಳಿಂದ ಇಳಿದು ಬಂದ ಹೊಲದ ಮಣ್ಣು.

ಮಣ್ಣು ನೆಲದೊಳಕ್ಕೇ ಇಳಿದುಹೋಗುತ್ತದೆ ಎನ್ನುವುದು ನಿಜವೇ?

ನಿಜ. ಮಾಮೂಲಿ ಇಳಿಜಾರಿನಲ್ಲಿ ಮಣ್ಣು ಮೇಲಿನಿಂದ ಕೆಳಗಿನ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಬದು ಹಾಕಿ ತಡೆಯಬಹುದು. ಕಾರ್ಸ್ಟ್ ಇಳಿಜಾರಿನಲ್ಲಿ ಅದು ಜರಡಿಯ ಮೇಲಿನ ಹಿಟ್ಟಿನ ಹಾಗೆ ಇದ್ದಲ್ಲೇ ಕೆಳಗೆ ಇಳಿಯುತ್ತದೆ. ಒಂದು ಜೋರು ಮಳೆಯ ನಂತರ ಬಂಡೆಯ ಬುಡವನ್ನು ನೋಡಿ. ಕಲ್ಲಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಬಂಡೆಯ ಮೈಮೇಲೆ ಮಣ್ಣು ಹಿಂದೆ ಎಲ್ಲಿಯವರೆಗೆ ಇತ್ತು ಎಂಬ ಗುರುತು ಬಣ್ಣದಲ್ಲೇ ಉಳಿದಿರುತ್ತದೆ: ಮೇಲೆ ಪಾಚಿ, ಕಲ್ಲುಹೂವುಗಳು ಹತ್ತಿ ಕಪ್ಪಾದ ಭಾಗ, ಕೆಳಗೆ ಹೊಸದಾಗಿ ಬಯಲಾದ ಬಿಳುಪು ಅಥವಾ ಹಳದಿ ಪಟ್ಟಿ. ಆ ಪಟ್ಟಿಯ ಅಗಲವೇ ಇತ್ತೀಚಿನ ನಷ್ಟದ ಅಳತೆ.

ಒಟ್ಟು ನಷ್ಟದಲ್ಲಿ ಎಷ್ಟು ಪಾಲು ಮೇಲಿನಿಂದ, ಎಷ್ಟು ಪಾಲು ಒಳಗಿನಿಂದ ಎಂಬ ಬಗ್ಗೆ ಸಂಶೋಧಕರಲ್ಲಿ ಚರ್ಚೆ ಇದೆ. ಇಳಿಜಾರು, ಬಿರುಕಿನ ಅಗಲ, ಮಣ್ಣಿನ ಆಳ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಒಂದಂತೂ ಖಚಿತ: ಹಳ್ಳದ ನೀರು ತಿಳಿಯಾಗಿದೆ ಎಂದು ಸವಕಳಿ ನಿಂತಿದೆ ಅಂದುಕೊಳ್ಳಬಾರದು. ಗುಹೆಯೊಳಗಿನ ಕೆಸರನ್ನೂ ಕೇಳಬೇಕು.

ಡಾಲೊಮೈಟ್ ನೆಲಕ್ಕೂ ಸುಣ್ಣಕಲ್ಲಿನ ನೆಲಕ್ಕೂ ವ್ಯತ್ಯಾಸವಿದೆಯೇ?

ಇದೆ. ಡಾಲೊಮೈಟ್ ನಿಧಾನವಾಗಿ, ಸಮನಾಗಿ ಕರಗಿ ಪುಡಿಯಾಗುತ್ತದೆ. ಅದರ ಮೇಲೆ ಮಣ್ಣು ತೆಳುವಾದರೂ ಹೆಚ್ಚು ಕಡಿಮೆ ಒಂದೇ ಹೊದಿಕೆಯಾಗಿ ಹರಡಿರುತ್ತದೆ. ಸುಣ್ಣಕಲ್ಲಿನಲ್ಲಿ ಮಣ್ಣು ಆಳವಾದ ಸೀಳುಗಳಲ್ಲಿ ಕೂಡಿಕೊಂಡು, ನಡುವೆ ಬೋಳು ಬಂಡೆ ಉಳಿಯುತ್ತದೆ. ಮೊದಲನೆಯದಕ್ಕೆ ಹುಲ್ಲು, ಪೊದೆಗಳ ಹೊದಿಕೆ ಬೇಗ ಒಗ್ಗುತ್ತದೆ. ಎರಡನೆಯದರಲ್ಲಿ ಸೀಳುಗಳನ್ನು ಹುಡುಕಿ ಮರ ನೆಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಭೂವೈಜ್ಞಾನಿಕ ನಕ್ಷೆ ನೋಡದೆ ಸಸಿಗಳಿಗೆ ಹಣ ಕೊಡಬೇಡಿ.

ಏನೂ ಮಾಡದೆ ಬಿಟ್ಟರೆ ಕಾಡು ತಾನಾಗಿ ಬರುತ್ತದೆಯೇ?

ಬೇರು, ಬೊಡ್ಡೆ, ಹತ್ತಿರದಲ್ಲಿ ಬೀಜದ ಮೂಲ ಉಳಿದಿದ್ದರೆ ಖಂಡಿತ ಬರುತ್ತದೆ, ಮತ್ತು ನೆಟ್ಟ ಕಾಡಿಗಿಂತ ಚೆನ್ನಾಗಿಯೇ ಬರುತ್ತದೆ. ಚೀನಾದಲ್ಲಿ ಇದಕ್ಕೆ ಗುಡ್ಡ ಮುಚ್ಚುವುದು ಎನ್ನುತ್ತಾರೆ: ದನ ಮೇಯಿಸುವುದಿಲ್ಲ, ಸೌದೆ ಕಡಿಯುವುದಿಲ್ಲ, ಬೆಂಕಿ ಹಾಕುವುದಿಲ್ಲ. ಮೊದಲು ಹುಲ್ಲು, ಜರೀಗಿಡ. ನಂತರ ಲಕ್ಕಿಯಂಥ ಪೊದೆ, ಮುಳ್ಳುಕಂಟಿ. ಆಮೇಲೆ ಹಕ್ಕಿಗಳು ತಂದು ಹಾಕಿದ ಬೀಜದ ಮರಗಳು. ಮುಳ್ಳುಕಂಟಿಯನ್ನು ಕಳೆ ಎಂದು ಸವರಿ ಹಾಕುವ ಉತ್ಸಾಹಿಗಳು ಎಲ್ಲ ಕಡೆ ಇದ್ದಾರೆ. ಸಸಿಗೆ ನೆರಳು ಕೊಡುವುದೂ ದನದ ಬಾಯಿಯಿಂದ ಕಾಯುವುದೂ ಅದೇ ಕಂಟಿ.

ಗುವಾಂಗ್ಸಿಯ ನೋಂಗ್ಲಾ ಎಂಬ ಹಳ್ಳಿ ಈ ವಿಷಯದಲ್ಲಿ ಹೆಸರುವಾಸಿ. ಬೆಟ್ಟದ ತುದಿಗೆ ಕಾಡು, ನಡುವೆ ಔಷಧಿ ಗಿಡ ಮತ್ತು ಹಣ್ಣಿನ ಮರ, ತಗ್ಗಿನಲ್ಲಿ ಬೇಸಾಯ ಎಂದು ಹಂಚಿಕೊಂಡು ದಶಕಗಳ ಕಾಲ ಕಾಯ್ದರು. ಕಾಡು ಹಿಂದಿರುಗಿದಂತೆ ಒರತೆಯಲ್ಲೂ ನೀರು ನಿಂತಿತು.

ಬೊಡ್ಡೆ, ಬೀಜ ಎರಡೂ ಇಲ್ಲದ ಬೋಳು ಬಂಡೆಯಲ್ಲಿ ಮಾತ್ರ ಕಾಯುವುದು ಶತಮಾನಗಳ ಮಾತು.

ಯಾವ ಗಿಡ ನೆಡಬೇಕು?

ಮೂರು ಪರೀಕ್ಷೆಗಳಲ್ಲಿ ಪಾಸಾದ ಗಿಡ: ಸುಣ್ಣ ತಡೆಯಬೇಕು, ಬರ ತಡೆಯಬೇಕು, ಬೇರು ಬಿರುಕಿಗೆ ನುಗ್ಗಬೇಕು. ಈ ಮಣ್ಣಿನಲ್ಲಿ ಕ್ಯಾಲ್ಸಿಯಂ ವಿಪರೀತ. ಅದು ರಂಜಕವನ್ನು ಬಿಗಿಹಿಡಿದು ಗಿಡಕ್ಕೆ ಸಿಗದಂತೆ ಮಾಡುತ್ತದೆ. ಕಬ್ಬಿಣ, ಸತು ಕೂಡ ಸಲೀಸಾಗಿ ಒದಗುವುದಿಲ್ಲ. ಹುಳಿ ಮಣ್ಣಿಗೆ ಒಗ್ಗಿದ ಗಿಡ ಇಲ್ಲಿ ಹಳದಿ ತಿರುಗಿ ಕೊರಗುತ್ತದೆ. ಹತ್ತಿರದಲ್ಲಿ ಉಳಿದಿರುವ ಹಳೆಯ ಕಾಡಿನ ತುಣುಕು, ದೇವರ ಹೆಸರಿನಲ್ಲಿ ಕಾಯ್ದ ಬನ, ಕಡಿದಾದ ಕಮರಿಯ ಅಂಚು, ಇಲ್ಲೆಲ್ಲ ಏನು ಬೆಳೆದಿದೆ ನೋಡಿ. ನರ್ಸರಿಯ ಪಟ್ಟಿಗಿಂತ ಅದು ನಂಬಿಕಸ್ತ.

ನೆಡುವ ಜಾಗದ ಆಯ್ಕೆ ಜಾತಿಯ ಆಯ್ಕೆಯಷ್ಟೇ ಮುಖ್ಯ. ಬಂಡೆಯ ಮೇಲೆ ಬಿದ್ದ ಮಳೆ ಜಾರಿ ಅದರ ಬುಡಕ್ಕೆ ಸೇರುತ್ತದೆ. ಹಾಗಾಗಿ ದೊಡ್ಡ ಬಂಡೆಯ ಕೆಳಮಗ್ಗುಲಿನ ಮಣ್ಣಿನ ಜೇಬಿಗೆ ಅದರ ಪಾಲಿಗಿಂತ ಹೆಚ್ಚು ನೀರು ಸಿಗುತ್ತದೆ. ಅಲ್ಲಿ ನೆಡಿ. ಸಾಲು ಹಿಡಿದು ಮೂರು ಮೀಟರಿಗೊಂದು ಗುಂಡಿ ತೋಡುವ ಹಟ ಇಲ್ಲಿ ಬೇಡ. ಗುಂಡಿ ತೋಡುವಾಗ ಕೆಳಗಿನ ಬಿರುಕು ತೆರೆದುಕೊಂಡರೆ ಅದನ್ನು ಸಣ್ಣ ಕಲ್ಲು, ಒಣಹುಲ್ಲು ತುಂಬಿ ಮುಚ್ಚಿ. ಇಲ್ಲದಿದ್ದರೆ ನೀವು ಹಾಕಿದ ಗೊಬ್ಬರ ಮೊದಲ ಮಳೆಗೇ ಪಾತಾಳ ಸೇರುತ್ತದೆ. ಬುಡಕ್ಕೆ ದರಗು, ಚಪ್ಪಟೆ ಕಲ್ಲು ಹೊದಿಸಿದರೆ ತೇವ ಉಳಿಯುತ್ತದೆ.

ಬೇಗ ಬೆಳೆಯುವ ಒಂದೇ ಜಾತಿಯನ್ನು ಗುಡ್ಡ ತುಂಬ ನೆಟ್ಟರೆ ಆಗದೇ?

ಆಗುತ್ತದೆ, ಬೆಲೆ ತೆರಲು ಸಿದ್ಧರಿದ್ದರೆ. ಇದರ ಹಳೆಯ ಪ್ರಯೋಗಗಳಲ್ಲಿ ಒಂದು ಕ್ರಾಸ್ ಪ್ರಸ್ಥಭೂಮಿಯದ್ದೇ. ಶತಮಾನಗಳ ಮೇಯುವಿಕೆ, ಕಡಿತಗಳಿಂದ 19ನೆಯ ಶತಮಾನಕ್ಕೆ ಅದು ಬೋಳು ಕಲ್ಲುಗಾಡಾಗಿತ್ತು. ಬೋರಾ ಎಂಬ ಒಣ, ಬಿರುಸಾದ ಗಾಳಿ ಸಸಿಗಳನ್ನು ಬದುಕಲು ಬಿಡುತ್ತಿರಲಿಲ್ಲ. ಹಡಗಿನ ಪ್ರೊಪೆಲರ್‌ಗೆ ಹೆಸರಾದ ಯೋಸೆಫ್ ರೆಸೆಲ್ ವೃತ್ತಿಯಲ್ಲಿ ಅರಣ್ಯಾಧಿಕಾರಿ. ಈ ನೆಲವನ್ನು ಮತ್ತೆ ಹಸಿರಾಗಿಸುವ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ಅವರೂ ಒಬ್ಬರು. ಮೊದಲ ಪ್ರಯತ್ನಗಳು ವಿಫಲವಾದವು. 1859ರಲ್ಲಿ ಟ್ರಿಯೆಸ್ಟ್ ಬಳಿಯ ಬಜೊವಿಜಾದಲ್ಲಿ ಯೋಸಿಪ್ ಕೊಲ್ಲರ್ ನೆಟ್ಟ ಕಪ್ಪು ಪೈನ್ ಬದುಕಿತು. ಅಲ್ಲಿಂದ ಮುಂದೆ ಸಾವಿರಾರು ಹೆಕ್ಟೇರಿಗೆ ಅದೇ ಮರ.

ಪೈನ್ ತನ್ನ ಕೆಲಸ ಮಾಡಿತು: ಗಾಳಿ ತಡೆಯಿತು, ನೆರಳು ಕೊಟ್ಟಿತು, ಅದರಡಿ ಓಕ್‌ನಂಥ ಅಗಲ ಎಲೆಯ ಮರಗಳಿಗೆ ಜಾಗ ಸಿಕ್ಕಿತು. ಆದರೆ ರಾಳ ತುಂಬಿದ ಒಣ ಪೈನ್ ಕಾಡು ಬೆಂಕಿಗೆ ಆಹ್ವಾನವೂ ಹೌದು. 2022ರ ಜುಲೈಯಲ್ಲಿ ಕ್ರಾಸ್‌ನಲ್ಲಿ ಎದ್ದ ಬೆಂಕಿ ಸ್ಲೊವೇನಿಯಾದ ಇತಿಹಾಸದಲ್ಲೇ ದೊಡ್ಡದು, 3,500 ಹೆಕ್ಟೇರಿಗೂ ಹೆಚ್ಚು ಸುಟ್ಟಿತು. ಮೊದಲ ಮಹಾಯುದ್ಧದಿಂದ ನೆಲದಲ್ಲಿ ಹುದುಗಿದ್ದ ಸಿಡಿಗುಂಡುಗಳು ಬಿಸಿಗೆ ಸಿಡಿಯುತ್ತಿದ್ದರಿಂದ ಬೆಂಕಿ ಆರಿಸುವವರಿಗೆ ಹತ್ತಿರ ಹೋಗಲೂ ಕಷ್ಟವಾಯಿತು.

ಮೊದಲ ತಲೆಮಾರಿಗೆ ಗಟ್ಟಿಗ ಜಾತಿಯೊಂದನ್ನು ನೆಡುವುದರಲ್ಲಿ ತಪ್ಪಿಲ್ಲ. ಅದನ್ನು ಹಂತಹಂತವಾಗಿ ತೆಳುವಾಗಿಸಿ ನಾಡಮರಗಳಿಗೆ ದಾರಿ ಬಿಡುವ ಯೋಜನೆ ಮೊದಲ ದಿನವೇ ಕಾಗದದಲ್ಲಿ ಇರಬೇಕು.

ಚೀನಾದ ಯಶಸ್ಸಿನ ಅಂಕಿಗಳನ್ನು ಎಷ್ಟು ನಂಬಬಹುದು?

ಅಧಿಕೃತ ಸಮೀಕ್ಷೆಗಳ ಪ್ರಕಾರ ಎಂಟು ಪ್ರಾಂತಗಳಲ್ಲಿ ಶಿಲಾ ಮರುಭೂಮಿಯಾದ ನೆಲ 2005ರಲ್ಲಿ ಸುಮಾರು 1.30 ಲಕ್ಷ ಚದರ ಕಿಲೋಮೀಟರ್ ಇತ್ತು, 2016ಕ್ಕೆ 1.01 ಲಕ್ಷ, 2021ಕ್ಕೆ ಸುಮಾರು 72,000ಕ್ಕೆ ಇಳಿಯಿತು. ಹಸಿರು ಹೆಚ್ಚಿರುವುದನ್ನು ಉಪಗ್ರಹ ಚಿತ್ರಗಳ ಸ್ವತಂತ್ರ ಅಧ್ಯಯನಗಳೂ ತೋರಿಸಿವೆ. ಅದರಲ್ಲಿ ಅನುಮಾನ ಬೇಡ.

ಅನುಮಾನ ಬೇಕಾದದ್ದು ಕಾರಣದ ಬಗ್ಗೆ. 1999ರಲ್ಲಿ ಶುರುವಾಗಿ 25 ಡಿಗ್ರಿಗಿಂತ ಕಡಿದಾದ ಹೊಲಗಳನ್ನು ಕಾಡಿಗೆ ಬಿಡಿಸಿದ ಯೋಜನೆ, 2008ರಿಂದ ಕಾರ್ಸ್ಟ್‌ಗೆಂದೇ ನಡೆದ ಕಾರ್ಯಕ್ರಮ, ಇವುಗಳ ಪಾಲು ದೊಡ್ಡದೇ. ಅದೇ ಕಾಲಕ್ಕೆ ಹಳ್ಳಿಯ ಯುವಕರು ಕಾರ್ಖಾನೆಗಳ ಊರಿಗೆ ದುಡಿಯಲು ಹೋದರು. ಉರುವಲಿನ ಬದಲು ಬಯೋಗ್ಯಾಸ್, ಕಲ್ಲಿದ್ದಲು, ವಿದ್ಯುತ್ ಬಂತು. ಸೌದೆಗೆ ಹೋಗುವವರೇ ಇಲ್ಲದ ಮೇಲೆ ಗುಡ್ಡಕ್ಕೆ ಕಾವಲುಗಾರ ಏಕೆ? ಈ ಮಾದರಿಯನ್ನು ಬೇರೆ ದೇಶಕ್ಕೆ ಒಯ್ಯುವವರು ಸಸಿ, ಬೇಲಿಗಳನ್ನು ನಕಲು ಮಾಡಿ ಒಲೆಯನ್ನು ಮರೆತರೆ ಫಲ ಸಿಗುವುದಿಲ್ಲ.

ಇನ್ನೊಂದು ಸಂಗತಿ: ಎಲೆ ಹೆಚ್ಚಿತು ಎಂದರೆ ಮಣ್ಣು ಹೆಚ್ಚಿತು ಎಂದಲ್ಲ. ದಟ್ಟವಾಗಿ ನೆಟ್ಟ, ನೀರು ಹೆಚ್ಚು ಹೀರುವ ತೋಪು ಒರತೆಯನ್ನು ಒಣಗಿಸಿದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಬೇಸಾಯ ಬಿಟ್ಟು ಅಲ್ಲಿನ ಜನ ಬದುಕುವುದು ಹೇಗೆ?

ಈ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆಗಳು ಉದ್ಘಾಟನೆಯ ಫಲಕದ ಆಚೆ ಹೋಗುವುದಿಲ್ಲ. ಗುಯಿಝೌನ ಹುವಾಜಿಯಾಂಗ್ ಕಮರಿಯಲ್ಲಿ 1990ರ ದಶಕದಿಂದ ಮೆಕ್ಕೆಜೋಳದ ಬದಲು ಸಿಚುವಾನ್ ಮೆಣಸಿನ ಗಿಡ ಹಾಕಿದರು; ಜುಮ್ಮನಕಾಯಿಯ ಬಳಗದ್ದು, ಬಂಡೆಯ ಸಂದಿನಲ್ಲೂ ಬೆಳೆಯುತ್ತದೆ, ಬರ ತಡೆಯುತ್ತದೆ, ಒಣಗಿಸಿದ ಕಾಯಿಗೆ ಒಳ್ಳೆಯ ಬೆಲೆ. ಹಲವು ವರ್ಷ ಕೈತುಂಬ ಹಣ ಬಂತು. ಆಮೇಲೆ ಗಿಡಗಳು ಮುದಿಯಾದವು, ಇಳುವರಿ ಇಳಿಯಿತು. ಒಂದೇ ಬೆಳೆಯನ್ನು ನೆಚ್ಚಿಕೊಂಡ ಪರಿಣಾಮ. ಗುವಾಂಗ್ಸಿಯಲ್ಲಿ ಡ್ರ್ಯಾಗನ್ ಹಣ್ಣನ್ನು ಹೀಗೆಯೇ ಬಂಡೆಗಳ ನಡುವೆ ಬೆಳೆಸಿದ್ದಾರೆ; ಕಳ್ಳಿಯ ಜಾತಿಯಾದ್ದರಿಂದ ಬಂಡೆಯನ್ನೇ ತಬ್ಬಿ ಹತ್ತುತ್ತದೆ.

ಯುನ್ನಾನ್‌ನ ಶಿಚೌ ಕೌಂಟಿಯಲ್ಲಿ 1990ರಿಂದ ಹಳ್ಳಿಗರು ಬಂಡೆ ಸಿಡಿಸಿ, ಅದೇ ಕಲ್ಲಿನಿಂದ ಒಡ್ಡು ಕಟ್ಟಿ, ಸಂದುಗಳಲ್ಲಿ ಚದುರಿದ್ದ ಮಣ್ಣನ್ನು ಕೂಡಿಸಿ ಮಟ್ಟಸ ಗದ್ದೆ ಮಾಡಿದರು. ಅವರ ಛಲಕ್ಕೆ ತಲೆಬಾಗಬೇಕು. ತೀರಾ ಕಡಿದಾದ ಕಡೆ ಇದೇ ಕೆಲಸ ಮಾಡಿದರೆ ಬಿರುಕುಗಳು ಬಾಯಿ ಬಿಟ್ಟು ಮಣ್ಣು ಇನ್ನೂ ಬೇಗ ಇಳಿಯುವ ಅಪಾಯವಿದೆ. ಬುಡದ ತಗ್ಗುಗಳಿಗೆ ಈ ವಿಧಾನ ಸರಿ, ಇಳಿಜಾರಿನ ನೆತ್ತಿಗೆ ಬೇಡ. ಬದುಕೇ ಅಸಾಧ್ಯವಾದ ಕಡೆಗಳಿಂದ ಊರುಗಳನ್ನೇ ಸ್ಥಳಾಂತರಿಸಿದ್ದೂ ಇದೆ. ಗುಡ್ಡಕ್ಕೆ ಅದರಿಂದ ಒಳ್ಳೆಯದಾಯಿತು, ಮುದುಕರಿಗೆ ಆಯಿತೇ ಎಂಬುದು ಬೇರೆ ಮಾತು.

ಕೆರೆ, ಚೆಕ್‌ಡ್ಯಾಂ ಕಟ್ಟಿದರೆ ನೀರು ನಿಲ್ಲುವುದಿಲ್ಲವೇ?

ತಳ ಸೋರಿದರೆ ನಿಲ್ಲುವುದಿಲ್ಲ. ಕಾರ್ಸ್ಟ್‌ನಲ್ಲಿ ಒಂದು ಹನಿಯೂ ತುಂಬದ ಜಲಾಶಯಗಳ ಕಥೆ ಎಂಜಿನಿಯರುಗಳಿಗೆ ಹೊಸದಲ್ಲ. ಇಲ್ಲಿ ನಡೆಯುವುದು ಸಣ್ಣ, ಗಾರೆ ಮಾಡಿದ ತೊಟ್ಟಿಗಳು: ಸೂರಿನ ನೀರು, ಬಂಡೆಯ ಮೇಲೆ ಹರಿದ ನೀರು, ಒರತೆಯ ನೀರು ಅಲ್ಲಲ್ಲೇ ಹಿಡಿದಿಡಲು. ಜಾವಾದ ಗುನುಂಗ್ ಕಿಡುಲ್‌ನಲ್ಲಿ ಜೇಡಿ ಕೂತು ತಳ ಮುಚ್ಚಿದ ಗುಂಡಿಗಳೇ ಸಹಜ ಕೆರೆಗಳಾಗಿದ್ದವು. ಹೂಳೆತ್ತುವ ಭರದಲ್ಲಿ ಆ ಜೇಡಿಯ ಪದರವನ್ನೇ ಕೆರೆದರೆ ಕೆರೆ ಬತ್ತುತ್ತದೆ. ಅದೇ ಸೀಮೆಯ ಬ್ರಿಬಿನ್ ಗುಹೆಯಲ್ಲಿ ಸುಮಾರು ನೂರು ಮೀಟರ್ ಆಳದ ನೆಲದಡಿಯ ಹೊಳೆಗೇ ಅಡ್ಡಕಟ್ಟೆ ಕಟ್ಟಿ, ಆ ನೀರಿನ ಬಲದಿಂದಲೇ ಪಂಪ್ ಓಡಿಸಿ ಮೇಲಕ್ಕೆತ್ತುವ ವ್ಯವಸ್ಥೆಯನ್ನು ಜರ್ಮನಿಯ ಎಂಜಿನಿಯರುಗಳ ನೆರವಿನಿಂದ ಮಾಡಿದರು. ಚತುರ ಕೆಲಸ, ಆದರೆ ಎಲ್ಲ ಹಳ್ಳಿಗೂ ಕೈಗೆಟಕುವಂಥದ್ದಲ್ಲ.

ಮೇಕೆಗಳನ್ನು ನಿಷೇಧಿಸಬೇಕೇ?

ಯುಗೊಸ್ಲಾವಿಯಾ 1954ರಲ್ಲಿ ಮೇಕೆ ಸಾಕುವುದನ್ನೇ ನಿಷೇಧಿಸಿತು. ಕುರುಚಲು ಕಾಡು ಹಿಂದಿರುಗಿತು. ಮೇಕೆಯೊಂದೇ ಆಸ್ತಿಯಾಗಿದ್ದ ಬಡವರು ಕಂಗಾಲಾದರು. ನಿಷೇಧದ ಪರವಾಗಿ ಇಷ್ಟೇ ಹೇಳಬಹುದು: ಬೋಳು ಗುಡ್ಡಕ್ಕೆ ಮೊದಲ ಕೆಲವು ವರ್ಷ ಬಿಡುವು ಬೇಕೇ ಬೇಕು.

ಐರ್ಲೆಂಡಿನ ಬರೆನ್‌ನಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿನ ಸುಣ್ಣಕಲ್ಲಿನ ಹಾಸಿನ ಸೀಳುಗಳಲ್ಲಿ ಅಪರೂಪದ ಹೂಗಿಡಗಳು ಬೆಳೆಯುತ್ತವೆ. ಚಳಿಗಾಲದಲ್ಲಿ ದನಗಳನ್ನು ಗುಡ್ಡಕ್ಕೆ ಹೊಡೆಯುವುದು ಅಲ್ಲಿನ ಹಳೆಯ ಪದ್ಧತಿ. ಅವು ಒಣಹುಲ್ಲು ಮೇಯ್ದು ಖಾಲಿ ಮಾಡಿದರೆ ವಸಂತದಲ್ಲಿ ಹೂವಿಗೆ ಬೆಳಕು. ದನ ಹೋಗುವುದು ಕಡಿಮೆಯಾದಾಗ ಹೇಝಲ್ ಪೊದೆ ಎಲ್ಲವನ್ನೂ ಮುಚ್ಚತೊಡಗಿತು. 2005ರಿಂದ 2010ರವರೆಗೆ ನಡೆದ ಯೋಜನೆಯೊಂದು ರೈತರಿಗೆ ಹಣ ಕೊಟ್ಟು ಮತ್ತೆ ದನ ಮೇಯಿಸಿತು. ಮುಂದೆ, ಹುಲ್ಲುಗಾವಲಿನ ಸ್ಥಿತಿಗೆ ಅಂಕ ಕೊಟ್ಟು ಅದರಂತೆ ಹಣ ಕೊಡುವ ಪದ್ಧತಿಯಾಗಿ ಅದು ಬೆಳೆಯಿತು. ಪುನಶ್ಚೇತನ ಎಂದರೆ ಎಲ್ಲ ಕಡೆ ಮರ ಎಂದು ನಂಬಿದವರು ಬರೆನ್ ನೋಡಿ ಬರಬೇಕು.

ಗಣಿಯಾದ ಗುಡ್ಡವನ್ನು ಸರಿಪಡಿಸಬಹುದೇ?

ಗುಹೆ ಹೋದರೆ ಹೋಯಿತು. ಅದನ್ನು ಯಾರೂ ಕಟ್ಟಿಕೊಡಲಾರರು. ಉಳಿದ ನೇರ ಗೋಡೆಯನ್ನು ಮೆಟ್ಟಿಲು, ಚಾಚು, ಕಲ್ಲುರಾಶಿಗಳಾಗಿ ಒಡೆದು, ಸಹಜ ಕಣಿವೆಯ ರೂಪಕ್ಕೆ ತಂದು ಹುಲ್ಲು ಬಿತ್ತುವ ವಿಧಾನವನ್ನು ಇಂಗ್ಲೆಂಡಿನ ಡರ್ಬಿಷೈರ್‌ನಲ್ಲಿ ಪ್ರಯೋಗಿಸಿದ್ದಾರೆ. ಮೇಲೆ ಮಣ್ಣು ಸುರಿದು ಸಸಿ ನೆಡುವುದಕ್ಕಿಂತ ಅದು ವಾಸಿ. ಅದೇ ದೇಶದಲ್ಲಿ ಮನೆ ಮುಂದಿನ ತೋಟದ ಅಲಂಕಾರಕ್ಕೆಂದು ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಮಾರುವುದು ಎಷ್ಟು ಹೆಚ್ಚಿತೆಂದರೆ 1981ರ ಕಾಯ್ದೆಯಲ್ಲಿ ಅವುಗಳ ರಕ್ಷಣೆಗೆ ಪ್ರತ್ಯೇಕ ಆದೇಶಕ್ಕೆ ಅವಕಾಶ ಮಾಡಬೇಕಾಯಿತು.

ನೆಲ ಇದ್ದಕ್ಕಿದ್ದಂತೆ ಕುಸಿಯುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ, ಅಂತರ್ಜಲದ ಮೂಲಕ. ಬಿರುಕುಗಳ ಮೇಲೆ ಕಮಾನಿನಂತೆ ನಿಂತ ಮಣ್ಣಿಗೆ ಕೆಳಗಿನ ನೀರೂ ಆಧಾರ ಕೊಡುತ್ತಿರುತ್ತದೆ. ನೀರನ್ನು ಎತ್ತಿಬಿಟ್ಟರೆ ಕಮಾನು ಬೀಳುತ್ತದೆ. ದಕ್ಷಿಣ ಆಫ್ರಿಕಾದ ಡಾಲೊಮೈಟ್ ಸೀಮೆಯಲ್ಲಿ ಚಿನ್ನದ ಗಣಿಗಾಗಿ ಅಂತರ್ಜಲ ಬರಿದು ಮಾಡಿದ್ದರಿಂದ 1962ರ ಡಿಸೆಂಬರಿನಲ್ಲಿ ವೆಸ್ಟ್ ಡ್ರೀಫಾಂಟೇನ್‌ನ ಅದಿರು ಪುಡಿ ಮಾಡುವ ಘಟಕವೇ ಗುಂಡಿಯೊಳಗೆ ಹೋಯಿತು; 29 ಜನ ಸತ್ತರು. 2010ರ ಜನವರಿಯಲ್ಲಿ ಫ್ಲಾರಿಡಾದ ಪ್ಲಾಂಟ್ ಸಿಟಿ ಸುತ್ತ ಸ್ಟ್ರಾಬೆರಿ ಬೆಳೆಯನ್ನು ಹಿಮದಿಂದ ಉಳಿಸಲು ರೈತರು ಹನ್ನೊಂದು ದಿನ ಎಡೆಬಿಡದೆ ನೀರೆತ್ತಿದಾಗ ಸುಮಾರು 140 ಗುಂಡಿಗಳು ಬಿದ್ದವು.

ಹೊಲದ ಗುಂಡಿಯಲ್ಲಿ ಕಸ, ಸತ್ತ ದನ ಹಾಕುವುದು ವಾಡಿಕೆ. ಅದರಿಂದ ತೊಂದರೆಯೇ?

ದೊಡ್ಡ ತೊಂದರೆ. ಮರಳಿನಲ್ಲಿ ಇಳಿಯುವ ನೀರು ಸೋಸಿಕೊಂಡು ಇಳಿಯುತ್ತದೆ. ಕಾರ್ಸ್ಟ್‌ನಲ್ಲಿ ಕೊಳವೆಯೊಳಗೆ ಹರಿದಂತೆ ಹೋಗುತ್ತದೆ. ಜಗತ್ತಿನ ಸುಮಾರು ಹತ್ತರಲ್ಲಿ ಒಬ್ಬರು ಕುಡಿಯುವುದು ಇಂಥ ನೀರನ್ನೇ. ಕೆನಡಾದ ವಾಕರ್ಟನ್ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಯ ನಂತರ ಸಗಣಿ ಗೊಬ್ಬರದ ರೋಗಾಣು ಬಿರುಕು ಬಿಟ್ಟ ಶಿಲೆಯ ಮೂಲಕ ಆಳವಿಲ್ಲದ ಬಾವಿ ಸೇರಿತು. ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಗುಂಡಿಯ ಸುತ್ತ ಹುಲ್ಲು, ಪೊದೆಗಳ ಪಟ್ಟಿ ಬಿಟ್ಟು ಬೇಲಿ ಹಾಕುವುದು ಅತ್ಯಂತ ಅಗ್ಗದ ಪುನಶ್ಚೇತನ ಕಾಮಗಾರಿ. ಆದರೂ ಅತಿ ಕಡಿಮೆ ನಡೆಯುವುದೂ ಅದೇ.

ನೆಲ ಸುಧಾರಿಸಲು ಎಷ್ಟು ವರ್ಷ ಬೇಕು?

ಹುಲ್ಲು, ಪೊದೆಗೆ ಐದಾರು ವರ್ಷ. ಕಾಡಿನ ರೂಪಕ್ಕೆ ಮೂರು ನಾಲ್ಕು ದಶಕ. ಜಾತಿಗಳ ಸಮೃದ್ಧಿಗೆ ಅದಕ್ಕಿಂತ ಬಹಳ ಹೆಚ್ಚು. ಗುನುಂಗ್ ಕಿಡುಲ್‌ನ ವಾನಗಾಮಾದಲ್ಲಿ ಗಾಜಾ ಮಾದಾ ವಿಶ್ವವಿದ್ಯಾಲಯದವರು 1964ರಲ್ಲಿ ಹತ್ತು ಹೆಕ್ಟೇರ್ ಬೋಳು ನೆಲದಿಂದ ಶುರು ಮಾಡಿದರು; ಇಂದು ಅದು ಸುಮಾರು 600 ಹೆಕ್ಟೇರಿನ ಕಾಡು. ಮೂರು ವರ್ಷದ ಯೋಜನಾ ವರದಿಗಳಲ್ಲಿ 'ಪೂರ್ಣಗೊಂಡಿದೆ' ಎಂಬ ಪದ ಕಂಡರೆ ನಗು ಬರುತ್ತದೆ.

ಕೆಲಸ ಫಲಿಸುತ್ತಿದೆ ಎಂದು ತಿಳಿಯುವುದು ಹೇಗೆ?

ಒರತೆಯಿಂದ. ಗುಡ್ಡದ ನಡುವಿನ ಒಂದು ಸಣ್ಣ ಒರತೆಯನ್ನು ಆರಿಸಿಕೊಳ್ಳಿ. ಮಳೆ ನಿಂತ ಮೇಲೆ ವಾರಕ್ಕೊಮ್ಮೆ ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಬರೆದಿಡಿ. ಜೋರು ಮಳೆಯ ಬೆಳಿಗ್ಗೆ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಒಂದು ದಿನ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಕೆಸರು ನೋಡಿ. ವರ್ಷದಿಂದ ವರ್ಷಕ್ಕೆ ಬೇಸಿಗೆಯ ಹರಿವು ಹೆಚ್ಚು ದಿನ ಉಳಿದರೆ, ಕೆಸರು ಕಡಿಮೆಯಾದರೆ, ಮೇಲಿನ ಕೆಲಸ ಕೆಳಗೂ ತಲುಪಿದೆ.

ಆದರೆ ಆ ಒರತೆಗೆ ನೀರು ಬರುವುದು ನೀವು ಗಿಡ ನೆಟ್ಟ ಗುಡ್ಡದಿಂದಲೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕಾರ್ಸ್ಟ್‌ನಲ್ಲಿ ನೀರು ಮೇಲಿನ ಕಣಿವೆಯ ಗಡಿಯನ್ನು ಲೆಕ್ಕಿಸುವುದಿಲ್ಲ. 1877ರಲ್ಲಿ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ನೆಲದೊಳಗೆ ಇಂಗುವ ಜಾಗದಲ್ಲಿ ಹತ್ತು ಕಿಲೋ ಫ್ಲೋರೆಸಿನ್ ಬಣ್ಣ ಸುರಿದರು. ಸುಮಾರು ಅರವತ್ತು ಗಂಟೆಗಳ ನಂತರ 12 ಕಿಲೋಮೀಟರ್ ದೂರದ ಆಖ್ ಬುಗ್ಗೆ ಹಸಿರು ತಿರುಗಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ರೈನ್ ನದಿಯ ಕಡೆಗೆ ಹೊರಟಿತ್ತು. ಈಗ ಅಳತೆಯ ಉಪಕರಣಗಳು ಸೂಕ್ಷ್ಮವಾಗಿರುವುದರಿಂದ ಕೆಲವು ಗ್ರಾಂ ಬಣ್ಣವೇ ಸಾಕಾಗುತ್ತದೆ. ಸ್ಥಳೀಯ ಜಲಮಂಡಳಿಗೆ, ಒರತೆಯ ನೀರು ಕುಡಿಯುವವರಿಗೆ ಮೊದಲೇ ತಿಳಿಸಿ, ಭೂಜಲ ತಜ್ಞರ ಕೈಯಲ್ಲಿ ಈ ಪರೀಕ್ಷೆ ಮಾಡಿಸಿ. ಸಸಿಗಳ ಆರ್ಡರ್ ಕೊಡುವುದು ಅದರ ಫಲಿತಾಂಶ ಬಂದ ಮೇಲೆ.